ಕ್ಯಾನಿಂಗ್ ಸ್ಟಾಕ್ ರೂಟ್ ಪ್ರವಾಸದ ಚಿತ್ರಗಳನ್ನು ಹಂಚಿಕೊಳ್ಳುವ ಬಗೆ

ಪಶ್ಚಿಮ ಆಸ್ಟ್ರೇಲಿಯಾದ ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗೆ ಸುಮಾರು 1,850 ಕಿಲೋಮೀಟರ್ ಚಾಚಿರುವ ಈ ಮರುಭೂಮಿ ದಾರಿಯಲ್ಲಿ ಒಂದು ಮರಳುದಿಬ್ಬದಂತೆಯೇ ಇನ್ನೊಂದು ಕಾಣುವುದರಿಂದ, ಚಿತ್ರಗಳನ್ನು ದಿನಾಂಕಕ್ಕಿಂತ ದಾರಿಯುದ್ದಕ್ಕೂ ಇರುವ ಬಾವಿಗಳ ಕ್ರಮಸಂಖ್ಯೆಗೆ ಅನುಗುಣವಾಗಿ ಜೋಡಿಸುವುದು ಮೇಲು. ಪ್ರತಿ ಸಂಜೆ ಬಿಡಾರ ಹೂಡಿದ ಮೇಲೆ ಬಾವಿಯ ಸಂಖ್ಯೆ, ನೀರಿನ ಸ್ಥಿತಿ, ಟೈರಿನ ಗಾಳಿಯ ಒತ್ತಡ ಇವಿಷ್ಟನ್ನು ಬರೆದಿಟ್ಟುಕೊಂಡು ಚಿತ್ರದ ಕೆಳಗೆ ನಮೂದಿಸಿದರೆ, ಮುಂದೆ ಹೋಗುವವರಿಗೆ ಸೂರ್ಯಾಸ್ತದ ಹತ್ತು ಚಿತ್ರಗಳಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಡಿದಾದ ದಿಬ್ಬವೂ ಚಿತ್ರದಲ್ಲಿ ಚಪ್ಪಟೆಯಾಗಿ ಕಾಣುವುದರಿಂದ, ಎತ್ತರ ತಿಳಿಯುವಂತೆ ವಾಹನವನ್ನೂ ಚೌಕಟ್ಟಿನೊಳಗೆ ಸೇರಿಸಿಕೊಳ್ಳಿ. ದಾರಿಯು ಮೂಲನಿವಾಸಿಗಳ ನೆಲದಲ್ಲಿ ಹಾದುಹೋಗುತ್ತದೆ; ಅವರ ಪವಿತ್ರ ಸ್ಥಳಗಳ ಮತ್ತು ಬಂಡೆಚಿತ್ರಗಳ ಫೋಟೋಗಳನ್ನು ಅನುಮತಿಯಿಲ್ಲದೆ ಯಾರಿಗೂ ಕಳುಹಿಸಬಾರದು, ಅನುಮತಿ ದೊರೆತಾಗಲೂ ಫೈಲಿನೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ಅಳಿಸಿಯೇ ಹಂಚಬೇಕು. ಸಹಪ್ರಯಾಣಿಕರ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿಯೇ ಪಡೆಯಿರಿ, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅವುಗಳ ಗುಣಮಟ್ಟ ಕುಗ್ಗುತ್ತದೆ.