ಸಣ್ಣ ಮದುವೆ, ಕೈಯಾರೆ ಮಾಡಿದ ಮದುವೆ: ಮೊದಲು ಗಂಟೆ ಲೆಕ್ಕ ಹಾಕಿ

ನನ್ನ ತಂಗಿ ಮದುವೆಗೆ ಕರೆದಿದ್ದು ಬರೀ 52 ಜನರನ್ನ. ಇಷ್ಟೇ ಜನ ಅಲ್ವಾ, ಎಲ್ಲ ನಾವೇ ಮಾಡೋಣ ಅಂತ ಆಸೆ ಪಟ್ವಿ. ಇನ್ವಿಟೇಶನ್ನು, ಬಟ್ಟೆ ಬಾವುಟದ ಸರ, ಟೇಬಲ್ ಮೇಲಿನ ಹೂವು, ಬಂದವರಿಗೆ ಕೊಡೋ ಪುಟ್ಟ ಚೀಲ, ಎಲ್ಲವೂ. ಮದುವೆ ಹಿಂದಿನ ರಾತ್ರಿ ಎರಡು ಗಂಟೆಗೆ ನಾವು ಐದು ಜನ ನೆಲದ ಮೇಲೆ ಕೂತು ಆ ಚೀಲಗಳಿಗೆ ದಾರ ಕಟ್ತಾ ಇದ್ವಿ, ಮದುಮಗಳೂ ಸೇರಿ, ಬೆಳಿಗ್ಗೆ ಎದ್ದಾಗ ಅವಳ ಕಣ್ಣು ಊದಿತ್ತು. ಆ ದಾರ ಯಾವ ಗಂಟು ಹಾಕಿದೀವಿ ಅಂತ ಯಾರೂ ನೋಡ್ಲಿಲ್ಲ. ಆದ್ರೆ ಅವಳು ಒಬ್ಬೊಬ್ಬರಿಗೂ ಬರೆದಿಟ್ಟಿದ್ದ ಎರಡು ಸಾಲಿನ ಚೀಟಿ ಇತ್ತಲ್ಲ, ಅದನ್ನ ನಮ್ಮ ದೊಡ್ಡಪ್ಪ ಇವತ್ತಿಗೂ ಪರ್ಸಲ್ಲಿ ಇಟ್ಕೊಂಡು ಓಡಾಡ್ತಾರೆ. ಆಮೇಲೆ ಇನ್ನೂ ಮೂರು ಇಂಥ ಮದುವೆಗಳಿಗೆ ಕೈ ಜೋಡಿಸಿದೀನಿ, ಆ ರಾತ್ರಿ ಮತ್ತೆ ಯಾರಿಗೂ ಬರದೇ ಇರ್ಲಿ ಅಂತಾನೇ ಇದನ್ನ ಬರೀತಿರೋದು.

ಶುರು ಮಾಡೋದು ಹೆಸರಿಂದ. "ಒಂದು ಐವತ್ತು ಜನ" ಅಂತ ಸಂಖ್ಯೆ ಹಿಡ್ಕೊಂಡು ಹೊರಟ್ರೆ ಅದು ತಾನಾಗೇ ನೂರಿಪ್ಪತ್ತಾಗತ್ತೆ. ಮದುವೆ ಆಗೋ ಇಬ್ಬರೂ ಬೇರೆ ಬೇರೆ ಕೂತು ಒಂದೊಂದು ಚೀಟಿ ಮೇಲೆ ಒಂದೊಂದು ಹೆಸರು ಬರೀರಿ, ಆಮೇಲೆ ಪ್ರತಿ ಚೀಟಿ ಎತ್ಕೊಂಡು ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಇವರು ಬರದೇ ಇದ್ರೆ ಆ ದಿನ ನಮ್ಮ ಕಣ್ಣು ಇವರನ್ನ ಹುಡುಕತ್ತಾ? ಹುಡುಕತ್ತೆ ಅಂದ್ರೆ ಚೀಟಿ ಒಳಗೆ. ಎಲ್ಲಿ ಗೆರೆ ಎಳೀತೀರೋ ಅದು ಎರಡೂ ಮನೆಗೆ ಒಂದೇ ಇರ್ಬೇಕು, ಒಂದು ಕಡೆ ಅಪ್ಪನ ಆಫೀಸಿನವರಿಗೆ ಇಲ್ಲ ಅಂದು ಇನ್ನೊಂದು ಕಡೆ ಹೂಂ ಅಂದ್ರೆ ಅಲ್ಲಿಂದಲೇ ಮುನಿಸು ಶುರು. ಕರೆಯೋಕೆ ಆಗದವರಲ್ಲಿ ಯಾರಿಗೆ ಬೇಜಾರಾಗತ್ತೆ ಅಂತ ನಿಮಗೆ ಗೊತ್ತೇ ಇರತ್ತೆ, ಅವರಿಗೆ ಬೇರೆಯವರ ಬಾಯಿಂದ ತಿಳಿಯೋಕೆ ಮುಂಚೆ ನೀವೇ ಫೋನ್ ಮಾಡಿ ಹೇಳಿ, ಮೆಸೇಜ್ ಬೇಡ.

ಲಿಸ್ಟ್ ಮುಗಿದ ಮೇಲೆ ಅದನ್ನ ಜನರ ಲೆಕ್ಕದಲ್ಲೂ ಮನೆಗಳ ಲೆಕ್ಕದಲ್ಲೂ ಎಣಿಸಿ. 50 ಜನ ಅಂದ್ರೆ 25 ಮನೆ ಇರಬಹುದು, ಹಾಗಾದ್ರೆ ಇನ್ವಿಟೇಶನ್ 25 ಸಾಕು, ಹೆಸರಿನ ಕಾರ್ಡ್ ಮಾತ್ರ 50 ಬೇಕು. ಇದು ಸಣ್ಣ ವಿಷಯ ಅನ್ಸತ್ತೆ, ಆದ್ರೆ ಕೈಯಲ್ಲಿ ಮಾಡುವಾಗ ಅರ್ಧಕ್ಕರ್ಧ ಕೆಲಸ ಇಲ್ಲೇ ಉಳಿಯತ್ತೆ.

ಈಗ ಗಂಟೆ ಲೆಕ್ಕ. ಯಾವುದೇ ಐಡಿಯಾ ಮೇಲೆ ಮನಸ್ಸಾಗೋಕೆ ಮುಂಚೆ ಅದರ ಸ್ಯಾಂಪಲ್ ಮೂರು ಮಾಡಿ, ಮೂರನೇದಕ್ಕೆ ಟೈಮರ್ ಇಡಿ. ಮೊದಲ ಎರಡು ಕಲಿಯೋಕೆ ಹೋಗತ್ತೆ, ಮೂರನೇದು ನಿಜವಾದ ಸ್ಪೀಡ್ ಹೇಳತ್ತೆ. ಒಂದು ಇನ್ವಿಟೇಶನ್‌ಗೆ 18 ನಿಮಿಷ ಆಯ್ತು ಅನ್ಕೊಳ್ಳಿ, 30 ಮಾಡೋಕೆ 9 ಗಂಟೆ, ಅಂದ್ರೆ ಎರಡು ಭಾನುವಾರ ಆರಾಮಾಗಿ ಕೂತ್ರೆ ಮುಗೀತು. ಅದೇ 300 ಆದ್ರೆ 90 ಗಂಟೆ. ಸಣ್ಣ ಮದುವೆಗೇ ಕೈಕೆಲಸ ಒಪ್ಪೋದು ಯಾಕೆ ಅಂತ ಈ ಲೆಕ್ಕ ನೋಡಿದ್ರೇ ಗೊತ್ತಾಗತ್ತೆ. ಬೇಕಾದ್ದಕ್ಕಿಂತ ಹತ್ತಕ್ಕೆ ಒಂದರಂತೆ ಜಾಸ್ತಿ ಮಾಡಿ, ಹೆಸರು ತಪ್ಪಾಗತ್ತೆ, ಇಂಕ್ ಚೆಲ್ಲತ್ತೆ, ಕೊನೇ ಗಳಿಗೆಯಲ್ಲಿ ಒಬ್ಬರು ಸೇರ್ಕೋತಾರೆ.

ಏನೇನು ಕೈಯಲ್ಲಿ ಮಾಡ್ಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ತುಂಬಾ ಗಟ್ಟಿಯಾಗಿದೆ: ಮೂರೇ ಮೂರು ಆರಿಸ್ಕೊಳ್ಳಿ, ಅದೂ ಬಂದವರ ಕೈಗೆ ಸೇರೋವು, ಅವರು ಓದೋವು, ಮನೆಗೆ ಒಯ್ಯೋವು. ಇಪ್ಪತ್ತು ಅಡಿ ದೂರದಿಂದ ನೋಡೋ ಅಲಂಕಾರ ಬಾಡಿಗೆಗೆ ತಂದದ್ದೋ ನೀವು ಮೂರು ವಾರ ಕೂತು ಹೊಲಿದದ್ದೋ ಅಂತ ಅಲ್ಲಿಂದ ಕಾಣಲ್ಲ. ಕುರ್ಚಿಗೆ ಕಟ್ಟೋ ರಿಬ್ಬನ್ ಬೋ ಅಂತೂ ಖಂಡಿತ ಬೇಡ, ಅದರ ಮೇಲೆ ಎಲ್ಲರೂ ಒರಗಿ ಕೂತ್ಕೋತಾರೆ.

ಇನ್ವಿಟೇಶನ್‌ಗೆ ಬರೋಣ. ಒಂದು ಎ4 ಹಾಳೆಯನ್ನ ನಾಲ್ಕು ಮಾಡಿದ್ರೆ ಎ6 ಸೈಜು, 105 ಮಿಲಿಮೀಟರ್ ಅಗಲ, 148 ಉದ್ದ, ಇದು ಸಿ6 ಅನ್ನೋ ಕವರಿಗೆ ಸರಿಯಾಗಿ ಕೂರತ್ತೆ, ಕವರ್ ಸುಲಭವಾಗಿ ಸಿಗೋ ಸೈಜು ನೋಡ್ಕೊಂಡೇ ಕಾರ್ಡ್ ಡಿಸೈನ್ ಮಾಡಿ, ಉಲ್ಟಾ ಮಾಡಿದ್ರೆ ಕವರೂ ನೀವೇ ಮಡಚ್ತಾ ಕೂರ್ಬೇಕಾಗತ್ತೆ. ಒಂಟಿ ಕಾರ್ಡ್ ಆದ್ರೆ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ಕಾಗದ ಕೈಯಲ್ಲಿ ಹಿಡಿದಾಗ ಗಟ್ಟಿ ಅನ್ಸತ್ತೆ, ಆದ್ರೆ ಮನೆ ಪ್ರಿಂಟರ್‌ಗಳಲ್ಲಿ ಎಷ್ಟೋ ಅಷ್ಟು ದಪ್ಪ ಕಾಗದ ತಗೊಳ್ಳಲ್ಲ, ಮೊದಲು ಅದರ ಮಿತಿ ಎಷ್ಟು ಅಂತ ನೋಡಿ ಆಮೇಲೆ ಕಾಗದ ತನ್ನಿ. ಮಡಚೋ ಕಾರ್ಡ್ ಮಾಡ್ತೀರಾದ್ರೆ ಕಾಗದಕ್ಕೆ ಒಂದು ಎಳೆ ಇರತ್ತೆ ಅನ್ನೋದು ಗೊತ್ತಿರ್ಲಿ. ಹಾಳೆಯನ್ನ ಉದ್ದಕ್ಕೂ ಅಗಲಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಗ್ಗತ್ತೋ ಆ ಕಡೆ ಮಡಿಕೆ ಬಂದ್ರೆ ಅಂಚು ನೀಟಾಗಿ ಕೂರತ್ತೆ, ಇನ್ನೊಂದು ಕಡೆ ಮಡಚಿದ್ರೆ ದಪ್ಪ ಕಾಗದ ಬಿರಿಯತ್ತೆ. ಮಡಚೋ ಮುಂಚೆ ಸ್ಟೀಲ್ ಸ್ಕೇಲ್ ಇಟ್ಟು ಇಂಕ್ ಖಾಲಿಯಾದ ಬಾಲ್ ಪೆನ್ನಲ್ಲಿ ಒಂದು ಗೆರೆ ಒತ್ತಿ ಎಳೀರಿ. ನೀರಿನಂಥ ಗಮ್ ಹಾಕಿದ್ರೆ ಕಾಗದ ಅಲೆ ಅಲೆಯಾಗತ್ತೆ, ಗ್ಲೂ ಸ್ಟಿಕ್ ಅಥವಾ ಡಬಲ್ ಟೇಪ್ ಒಳ್ಳೇದು. ಕೈಬರಹ ಇದ್ರೆ ಹೊಳಪಿಲ್ಲದ ಕಾಗದ ತಗೊಳ್ಳಿ, ಹೊಳೆಯೋ ಕಾಗದದ ಮೇಲೆ ಜೆಲ್ ಇಂಕ್ ಬೇಗ ಒಣಗದೆ ಕೈಗೆಲ್ಲ ಮೆತ್ಕೊಳ್ಳತ್ತೆ.

ಒಣಗಿದ ಹೂವು ಅಂಟಿಸೋ ಆಸೆ ಇದ್ರೆ ಅದನ್ನ ಎಲ್ಲಕ್ಕಿಂತ ಮೊದಲು ಶುರು ಮಾಡಿ. ತೆಳು ದಳದ ಹೂವು ಆರಿಸಿ, ನೀರು ಹೀರೋ ಎರಡು ಹಾಳೆ ಮಧ್ಯ ಇಟ್ಟು, ದಪ್ಪ ಪುಸ್ತಕದ ಭಾರ ಹಾಕಿ, ಮೊದಲ ಕೆಲವು ದಿನ ಹಾಳೆ ಬದಲಾಯಿಸ್ತಾ ಇದ್ರೆ ಎರಡು ಮೂರು ವಾರದಲ್ಲಿ ರೆಡಿ. ಗುಲಾಬಿಯಂಥ ದಪ್ಪ ಹೂವನ್ನ ಇಡೀ ಒತ್ತೋಕೆ ಹೋಗ್ಬೇಡಿ, ಬೂಸ್ಟು ಬರತ್ತೆ, ದಳ ಬಿಡಿಸಿ ಒತ್ತಿ. ಬಿಸಿಲು ಬಿದ್ರೆ ಬಣ್ಣ ಹೋಗತ್ತೆ, ಡಬ್ಬಿಯಲ್ಲಿ ಮುಚ್ಚಿಡಿ.

ಪ್ರಿಂಟ್ ಕೊಡೋ ಮುಂಚೆ ತಾರೀಖು ಮತ್ತೆ ವಾರ ಎರಡೂ ಕ್ಯಾಲೆಂಡರಲ್ಲಿ ಹೊಂದತ್ತಾ ನೋಡಿ. ಈ ಕೆಲಸದಲ್ಲಿ ಇಲ್ದೇ ಇರೋ ಒಬ್ಬರ ಕೈಗೆ ಕೊಟ್ಟು ಜೋರಾಗಿ ಓದ್ಸಿ, ನಿಮ್ಮ ಕಣ್ಣಿಗೆ ಹತ್ತು ಸಲ ತಪ್ಪಿಸ್ಕೊಂಡ ತಪ್ಪು ಅವರ ಬಾಯಲ್ಲಿ ತಟ್ಟಂತ ಸಿಗತ್ತೆ.

ಈಗ ನನಗೆ ಅತಿ ಮುಖ್ಯ ಅನ್ಸೋ ವಿಷಯ, ಆ ಚೀಟಿ. ಮೂರರ ಬದಲು ಒಂದೇ ಒಂದು ಮಾಡ್ತೀನಿ ಅಂದ್ರೂ ಇದನ್ನೇ ಮಾಡಿ ಅಂತೀನಿ. ಪ್ರತಿಯೊಬ್ಬರು ಕೂರೋ ಜಾಗದಲ್ಲಿ ಅವರ ಹೆಸರಿನ ಕಾರ್ಡು, ಅದರ ಒಳಗೆ ನಿಮ್ಮ ಕೈಬರಹದಲ್ಲಿ ಎರಡು ಮೂರು ಸಾಲು. ದುಡ್ಡು ಹೆಚ್ಚು ಖರ್ಚಿಲ್ಲ, ಕಲೆ ಬರ್ಬೇಕಂತಿಲ್ಲ, ಬರೀ ಸಮಯ ಬೇಕು. ಒಂದೇ ದಿನ ಕೂತು 50 ಬರೆಯೋಕೆ ಹೋದ್ರೆ ಹತ್ತನೇದರಿಂದ ಎಲ್ಲವೂ "ನೀವು ಬಂದಿದ್ದು ತುಂಬಾ ಖುಷಿ" ಅಂತ ಒಂದೇ ಥರ ಆಗ್ಬಿಡತ್ತೆ, ಅದಕ್ಕೇ ದಿನಕ್ಕೆ ಎರಡೇ ಬರೀರಿ, 25 ದಿನದಲ್ಲಿ ಮುಗಿಯತ್ತೆ, ಆ ದಿನ ಆ ಇಬ್ಬರ ಬಗ್ಗೆ ಮಾತ್ರ ಯೋಚನೆ ಮಾಡಿ. ಹೊಗಳಿಕೆ ಬರೀಬೇಡಿ, ನೆನಪು ಬರೀರಿ. "ನೀವು ತುಂಬಾ ಒಳ್ಳೆಯವರು" ಅನ್ನೋ ಸಾಲು ಯಾರಿಗೆ ಬೇಕಾದ್ರೂ ಹೊಂದತ್ತೆ. "ದೊಡ್ಡಪ್ಪ, ಸೈಕಲ್ ಕಲಿಸುವಾಗ ಹಿಂದೆ ಹಿಡ್ಕೊಂಡೇ ಇದೀನಿ ಅಂತ ಸುಳ್ಳು ಹೇಳಿದ್ರಲ್ಲ, ಆ ಸುಳ್ಳು ನಂಬಿ ನಾನು ಅಷ್ಟು ದೂರ ಹೋದೆ" ಅಂತ ನನ್ನ ತಂಗಿ ಬರೆದಿದ್ದು, ಇದು ಒಬ್ಬರಿಗೆ ಬಿಟ್ಟು ಇನ್ಯಾರಿಗೂ ಹೊಂದಲ್ಲ. ನಿಮ್ಮ ಜೊತೆಗಾರರ ಕಡೆಯವರು, ನಿಮಗೆ ಅಷ್ಟು ಪರಿಚಯ ಇಲ್ದಿರೋರು, ಅವರಿಗೆ ನಿಮ್ಮ ಜೊತೆಗಾರರೇ ಬರೀಲಿ, ಇಬ್ಬರ ಕೈಬರಹವೂ ಟೇಬಲ್ ಮೇಲೆ ಇದ್ರೆ ಇನ್ನೂ ಚಂದ. ಕೈಬರಹ ಚೆನ್ನಾಗಿಲ್ಲ ಅಂತ ಬೇರೆಯವರ ಹತ್ರ ಬರೆಸಬೇಡಿ. ಚಿಕ್ಕ ಮಕ್ಕಳಿಗೂ ಬರೀರಿ, ಓದೋಕೆ ಬರದಿದ್ರೆ ಚಿತ್ರ ಬಿಡ್ಸಿ. ಬರೀತಾ ಬರೀತಾ ಒಬ್ಬರ ಬಗ್ಗೆ ಏನೂ ನೆನಪಾಗದೇ ಇದ್ರೆ ಆ ಹೆಸರು ಲಿಸ್ಟಲ್ಲಿ ಹೇಗೆ ಬಂತು ಅಂತ ಯೋಚನೆ ಬರತ್ತೆ, ಆಗ ಅವರಿಗೆ ಸುಮ್ನೆ ಒಂದು ಫೋನ್ ಮಾಡಿ ಮಾತಾಡಿ, ಏನಾದ್ರೂ ಸಿಕ್ಕೇ ಸಿಗತ್ತೆ.

ಹಳೇ ಫೋಟೋ ಇಡ್ತೀರಾದ್ರೆ ಒರಿಜಿನಲ್ ಅಂಟಿಸ್ಲೇಬೇಡಿ. 300 ಡಿಪಿಐಯಲ್ಲಿ (ಒಂದು ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕ್ಸಿ, ಚಿಕ್ಕದನ್ನ ದೊಡ್ಡದು ಮಾಡ್ಬೇಕಂದ್ರೆ 600. ನೆಂಟರಿಂದ ವಾಟ್ಸಾಪಲ್ಲಿ ತರಿಸ್ಕೊಂಡ್ರೆ ಫೋಟೋ ಕುಗ್ಗಿ ಬರತ್ತೆ, ಡಾಕ್ಯುಮೆಂಟ್ ಥರ ಕಳಿಸಿ ಅಂತ ಹೇಳಿ.

ಬಟ್ಟೆ ಬಾವುಟದ ಸರ ಮಾಡೋರಿಗೆ ಒಂದು ಲೆಕ್ಕ: ತ್ರಿಕೋನ 18 ಸೆಂಟಿಮೀಟರ್ ಅಗಲ, ಮಧ್ಯ 3 ಸೆಂಟಿಮೀಟರ್ ಜಾಗ, ಹಾಗಾದ್ರೆ 5 ಮೀಟರಿಗೆ ಸುಮಾರು 24 ಬೇಕು. ಮೊದಲು ಜಾಗಕ್ಕೆ ಹೋಗಿ ಅಳತೆ ತಗೊಳ್ಳಿ, ಸರ ಇಳಿಬಿದ್ದು ತೂಗೋಕೆ ಮತ್ತೆ ಎರಡೂ ತುದಿ ಕಟ್ಟೋಕೆ ಅಂತ ದಾರ ಇನ್ನಷ್ಟು ಬಿಡಿ. ಕಾಟನ್ ಆದ್ರೆ ಒಗೆದು ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಹಲ್ಲು ಹಲ್ಲಾಗಿ ಕತ್ತರಿಸೋ ಕತ್ತರಿ ಸಿಗತ್ತಲ್ಲ, ಅದರಲ್ಲಿ ಕತ್ತರಿಸಿದ್ರೆ ಎಳೆ ಅಷ್ಟಾಗಿ ಬಿಚ್ಕೊಳ್ಳಲ್ಲ, ಅಂಚು ಹೊಲಿಯೋ ಕೆಲಸ ಉಳಿಯತ್ತೆ.

ಮನೆಗೆ ಒಯ್ಯೋ ಉಡುಗೊರೆಗೆ ಸೋಪು, ಮೇಣದಬತ್ತಿ, ಬೀಜದ ಕಾಗದ (ಮಣ್ಣಲ್ಲಿ ಹಾಕಿದ್ರೆ ಮೊಳಕೆ ಬರೋ ಕಾಗದ) ಅಂತ ಸುಮಾರು ಜನ ಯೋಚನೆ ಮಾಡ್ತಾರೆ. ಎಣ್ಣೆ ಮತ್ತೆ ಕಾಸ್ಟಿಕ್ ಸೋಡಾದಿಂದ ಮಾಡೋ ಸೋಪು 4ರಿಂದ 6 ವಾರ ಹಾಗೇ ಇಟ್ಟು ಒಣಗಿಸ್ಬೇಕು, ಮುಂದಿನ ತಿಂಗಳು ಮದುವೆ ಅಂದ್ರೆ ಅದನ್ನ ಬಿಟ್ಬಿಡಿ. ಮೇಣದಬತ್ತಿ ಮೇಲೆ ಒಣ ಹೂವು ಚುಚ್ಚಿ ಕೊಡೋದು ಫೋಟೋದಲ್ಲಿ ಚಂದ, ಹಚ್ಚಿದಾಗ ಹೂವಿಗೇ ಬೆಂಕಿ ಹತ್ಕೊಳ್ಳತ್ತೆ, ದಯವಿಟ್ಟು ಬೇಡ. ನನಗಿಷ್ಟ ಬೀಜದ ಕಾಗದ. ಹಳೇ ಕಾಗದ ಚೂರು ಮಾಡಿ ರಾತ್ರಿಯಿಡೀ ನೆನೆಸಿ ಮಿಕ್ಸಿಗೆ ಹಾಕಿ, ರುಬ್ಬಿ ಆದ ಮೇಲೆ ಸಣ್ಣ ಬೀಜಗಳನ್ನ ಕೈಯಲ್ಲಿ ಕಲೆಸಿ (ಮಿಕ್ಸಿಗೆ ಬೀಜ ಹಾಕ್ಲೇಬಾರದು), ಜರಡಿ ಮೇಲೆ ತೆಳ್ಳಗೆ ಹರಡಿ ಗಾಳಿಗೆ ಇಡಿ. ಬೇಗ ಒಣಗ್ಬೇಕು, ದಪ್ಪಗೆ ಹಾಕಿ ಒದ್ದೆ ಉಳಿದ್ರೆ ಬೀಜ ಅಲ್ಲೇ ಮೊಳಕೆ ಬರತ್ತೆ. ಮಾಡೋಕೆ ಮುಂಚೆ 10 ಬೀಜ ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೀತು ನೋಡಿ, ಅರ್ಧವೂ ಮೊಳೀದಿದ್ರೆ ಬೇರೆ ಬೀಜ ತನ್ನಿ. ಬೇರೆ ದೇಶದಿಂದ ಬರೋರಿಗೆ ಇದನ್ನ ಕೊಡ್ಬೇಡಿ, ಎಷ್ಟೋ ದೇಶಗಳಲ್ಲಿ ಬೀಜ ಒಯ್ಯೋಕೆ ನಿಯಮ ಇದೆ, ಅವರಿಗೆ ಏರ್‌ಪೋರ್ಟಲ್ಲಿ ತೊಂದರೆ.

ಸಹಾಯಕ್ಕೆ ಜನ ಬೇಕು, ಆದ್ರೆ "ಏನಾದ್ರೂ ಹೆಲ್ಪ್ ಮಾಡಿ" ಅಂದ್ರೆ ಯಾರಿಗೂ ಏನು ಮಾಡ್ಬೇಕು ತಿಳಿಯಲ್ಲ. ಯಾರಿಗೆ ಏನು ಬರತ್ತೋ ಅದನ್ನೇ ಕೇಳಿ. ಎಲ್ಲರೂ ಸೇರಿ ಕೂರೋ ಒಂದು ದಿನ ಇಟ್ಕೊಳ್ಳಿ, ಮಾಡಿ ಮುಗಿಸಿದ ಒಂದು ಸ್ಯಾಂಪಲ್ ಎದುರಿಗೆ ಇಡಿ, ಒಬ್ಬರು ಕತ್ತರಿಸೋದು, ಒಬ್ಬರು ಮಡಚೋದು, ಒಬ್ಬರು ಅಂಟಿಸೋದು ಅಂತ ಹಂಚಿ. ಅತ್ತೆ ಮಡಚಿದ್ದು ಸ್ವಲ್ಪ ಓರೆ ಬಂದ್ರೆ ಓರೆಯಾಗೇ ಇರ್ಲಿ, ಅವರು ಹೋದ ಮೇಲೆ ಬಿಚ್ಚಿ ಸರಿ ಮಾಡೋಕೆ ಹೋಗ್ಬೇಡಿ.

ಯಾವಾಗ ಏನು ಮುಗೀಬೇಕು ಅಂದ್ರೆ, ಇನ್ವಿಟೇಶನ್ ಆರರಿಂದ ಎಂಟು ವಾರ ಮುಂಚೆ ಮನೆ ಬಿಟ್ಟಿರ್ಬೇಕು, ಕಾಗದದ ಕೆಲಸ ಎಲ್ಲ ಒಂದು ತಿಂಗಳು ಮುಂಚೆ, ಬಟ್ಟೆ ಕೆಲಸ ಮೂರು ವಾರ ಮುಂಚೆ. ಕೊನೇ ವಾರಕ್ಕೆ ಹೂವು ಒಂದೇ ಉಳೀಬೇಕು. ಆ ವಾರ ಬಂದ ಮೇಲೂ ಮುಗೀದೇ ಇರೋದನ್ನ ಕೈಬಿಡಿ, ಅದು ಇತ್ತು ಅಂತ ನಿಮಗೆ ಬಿಟ್ಟು ಇನ್ಯಾರಿಗೂ ಗೊತ್ತೇ ಇಲ್ಲ.

ಹೂವಿನ ಕೆಲಸ ಹಿಂದಿನ ದಿನದ್ದು. ಕಡ್ಡಿ ಓರೆಯಾಗಿ ಕತ್ತರಿಸಿ, ನೀರಲ್ಲಿ ಮುಳುಗೋ ಎಲೆ ಎಲ್ಲ ಕಿತ್ತು, ಆಳವಾದ ಬಕೆಟ್ ನೀರಲ್ಲಿ ತಂಪಾದ ಕತ್ತಲೆ ಜಾಗದಲ್ಲಿ ರಾತ್ರಿಯಿಡೀ ಇಡಿ, ಹತ್ರದಲ್ಲಿ ಹಣ್ಣಿನ ಬುಟ್ಟಿ ಇರ್ಬಾರ್ದು, ಹಣ್ಣಾಗುವಾಗ ಬಿಡೋ ಎಥಿಲೀನ್ ಅನಿಲಕ್ಕೆ ಹೂವು ಬೇಗ ಬಾಡತ್ತೆ. ಹೂದಾನಿ ಕೊಳ್ಬೇಡಿ, ತಿಂಗಳುಗಟ್ಟಲೆ ಮೊದಲಿಂದ್ಲೇ ಜಾಮ್ ಬಾಟಲಿ ಕೂಡಿಡಿ, ಲೇಬಲ್ ಬಿಸಿನೀರಲ್ಲಿ ನೆನೆಸಿ ಕಿತ್ತು ಉಳಿದ ಅಂಟಿಗೆ ಅಡುಗೆ ಎಣ್ಣೆ ಹಚ್ಚಿ ಉಜ್ಜಿದ್ರೆ ಹೋಗತ್ತೆ. ಹೂವಿನ ಎತ್ತರ ಟೇಬಲ್‌ನಿಂದ 30 ಸೆಂಟಿಮೀಟರ್ ದಾಟದೇ ಇರ್ಲಿ, ಎದುರು ಕೂತವರ ಮುಖ ಕಾಣ್ಬೇಕು. ಟೇಬಲ್ ಅಂದಾಗ, ಒಬ್ಬರಿಗೆ ಸುಮಾರು 60 ಸೆಂಟಿಮೀಟರ್ ಅಂಚು ಬೇಕು, ಐದಡಿ ದುಂಡು ಟೇಬಲ್‌ಗೆ 8 ಜನ, ಆರಡಿದಕ್ಕೆ 10.

ಪ್ರತಿ ಟೇಬಲ್‌ಗೆ ಒಂದು ರಟ್ಟಿನ ಡಬ್ಬಿ ಮಾಡಿ, ಮೇಲೆ ನಂಬರ್ ಬರೀರಿ, ಆ ಟೇಬಲ್‌ನ ಚೀಟಿ, ಬಾಟಲಿ, ಕಾರ್ಡು ಎಲ್ಲ ಅದರೊಳಗೆ, ಮುಚ್ಚಳದ ಒಳಗೆ ಜೋಡಿಸಿದ ಮೇಲೆ ಹೇಗೆ ಕಾಣ್ಬೇಕು ಅನ್ನೋ ಫೋಟೋ ಅಂಟಿಸಿ. ಇನ್ನೊಂದು ಡಬ್ಬಿಯಲ್ಲಿ ಕತ್ತರಿ, ಟೇಪು, ದಾರ, ಗುಂಡುಸೂಜಿ, ಪೆನ್ನು, ಬರೀದೇ ಇರೋ ನಾಲ್ಕು ಕಾರ್ಡು. ಇವನ್ನೆಲ್ಲ ಫೋಟೋದಲ್ಲಿ ನಿಲ್ಲೋ ಅವಶ್ಯಕತೆ ಇಲ್ಲದ ಒಬ್ಬ ನಂಬಿಕಸ್ಥ ಸ್ನೇಹಿತರ ಕೈಗೆ ಕೊಡಿ, ಅವತ್ತು ಬೆಳಿಗ್ಗೆ ಪ್ರಶ್ನೆ ಇದ್ರೆ ಅವರನ್ನ ಕೇಳ್ಬೇಕು, ಮದುಮಕ್ಕಳನ್ನಲ್ಲ. ಸಂಜೆ ಬಿಚ್ಚಿ ಕಟ್ಟೋದು ಯಾರು, ಜಾಗ ಎಷ್ಟು ಗಂಟೆಗೆ ಖಾಲಿ ಮಾಡ್ಬೇಕು, ಡಬ್ಬಿಗಳು ಯಾರ ಕಾರಲ್ಲಿ ಹೋಗತ್ತೆ, ಇದನ್ನೂ ಅವರ ಹತ್ರ ಬರೆದು ಕೊಡಿ. ಮತ್ತೆ ಮಾಡಿದ ಪ್ರತಿಯೊಂದರಲ್ಲೂ ಒಂದೊಂದು ಮುಂಚೇನೇ ತೆಗೆದು ಮನೆಯಲ್ಲಿ ಎತ್ತಿಡಿ, ಇನ್ವಿಟೇಶನ್ನು, ಖಾಲಿ ಕಾರ್ಡು, ಒಂದು ಬಾವುಟ. ಮದುವೆ ದಿನ ಒಂದೂ ಉಳಿಯಲ್ಲ, ಎಲ್ಲ ಬಂದವರ ಜೊತೆ ಹೊರಟ್ಹೋಗತ್ತೆ.