ಬಟ್ಟೆ ಉಲ್ಟಾ ಮಾಡಿ ನೋಡಿ: ಸೆಕೆಂಡ್ ಹ್ಯಾಂಡ್ ಶಾಪಿಂಗಲ್ಲಿ ನನ್ನ ಅನುಭವ

ಮೊದಮೊದಲು ನಾನು ಹಳೇ ಬಟ್ಟೆ ಅಂಗಡಿಗೆ ಹೋದ್ರೆ ಬರೀ ಕಣ್ಣಲ್ಲೇ ನೋಡಿ ತಗೊಂಡ್ಬಿಡ್ತಿದ್ದೆ. ಬಣ್ಣ ಚೆನ್ನಾಗಿದೆ, ಕಾಲರ್ ಸ್ಟೈಲಾಗಿದೆ, ಕತ್ತಿನ ಹತ್ರ ಏನೋ ಹಳೇ ಲೇಬಲ್ ಇದೆ, ಸಾಕು, ಚೀಲಕ್ಕೆ ಹಾಕು. ಹಂಗೆ ತಂದ ಒಂದು ಉಣ್ಣೆ ಕೋಟು ನನಗೆ ಸರಿಯಾಗಿ ಬುದ್ಧಿ ಕಲಿಸ್ತು. ತಂದ ದಿನಾನೇ ಬೀರುವಲ್ಲಿ ನೇತುಹಾಕ್ದೆ, ಎರಡು ತಿಂಗಳು ಮುಟ್ಟಲಿಲ್ಲ, ಆಮೇಲೆ ತೆಗೆದು ನೋಡಿದ್ರೆ ಕೋಟಲ್ಲಿ ತೂತು, ಅದು ಹಾಳಾಗಿ ಹೋಗ್ಲಿ, ಪಕ್ಕದಲ್ಲಿದ್ದ ನನ್ನ ಎರಡು ಸ್ವೆಟರೂ ಜರಡಿ ಆಗಿದ್ವು. ನುಸಿ ಕೋಟಿನ ಜೊತೇಲೇ ಮನೆಗೆ ಬಂದಿತ್ತು. ಮಾರಿದವ್ರನ್ನ ಬೈಯೋ ಹಂಗೂ ಇಲ್ಲ, ಕಾಲರ್ ಎತ್ತಿ ಅಡಿಗಡೆ ನೋಡಿದ್ರೆ ಅವತ್ತೇ ಕಾಣ್ತಿತ್ತು. ನಾನೇ ಎತ್ತಿರ್ಲಿಲ್ಲ.

ಆಮೇಲಿಂದ ನಂದು ಒಂದೇ ರೂಲ್, ಉಲ್ಟಾ ಮಾಡಿ ನೋಡದೆ ಯಾವ ಬಟ್ಟೆನೂ ಮನೆಗೆ ಬರಲ್ಲ. ಹೊರಗಡೆ ಇಸ್ತ್ರಿ ಹಾಕಿ ಮಿಂಚಿಸಬಹುದು, ಒಳಗಡೆ ಯಾರೂ ಮೇಕಪ್ ಮಾಡಲ್ಲ.

ಗಿಜಿಗುಡೋ ಏರಿಯಾದಲ್ಲಿ ಇದನ್ನ ಮಾಡೋದು ಹೇಳಿದಷ್ಟು ಸುಲಭ ಅಲ್ಲ. ಇಕ್ಕಟ್ಟು, ಹಿಂದಿಂದ ಒಬ್ಬರು ತಳ್ತಿರ್ತಾರೆ, ನೀವು ಕೈಯಲ್ಲಿ ಹಿಡ್ಕೊಂಡಿರೋ ಶರ್ಟನ್ನೇ ಇನ್ನೊಬ್ಬರು ನೋಡ್ತಿರ್ತಾರೆ, ಆ ಅವಸರದಲ್ಲಿ ತಲೆ ಓಡಲ್ಲ. ಅದಕ್ಕೆ ನಾನು ರಜಾ ದಿನ ಬಿಟ್ಟು ವಾರದ ಮಧ್ಯೆ, ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೇ ಹೋಗ್ತೀನಿ. ಸೆಕೆಂಡ್ ಹ್ಯಾಂಡ್ ಮಾಲು ಜಾಸ್ತಿ ಬರೋದು ಬಿಗಿಯಾಗಿ ಕಟ್ಟಿದ ಬೇಲ್‌ಗಳಲ್ಲಿ, ಬೇಲ್ ಒಡೆಯೋ ದಿನ ಯಾವುದು ಅಂತ ಅಂಗಡಿಯವ್ರನ್ನ ನೇರವಾಗಿ ಕೇಳಿಬಿಡಿ, ನಾಲ್ಕು ಸಲ ಮುಖ ನೋಡಿದ್ಮೇಲೆ ಅವರೇ ಹೇಳ್ತಾರೆ. ಮೈಗೆ ಅಂಟೋ ತೆಳು ಟಿ-ಶರ್ಟ್ ಹಾಕ್ಕೊಂಡು ಹೋಗಿ, ಟ್ರಯಲ್ ರೂಮ್ ಇಲ್ಲದಿದ್ರೂ ಅದರ ಮೇಲೇ ಹಾಕಿ ನೋಡಬಹುದು. ಎರಡೂ ಕೈ ಖಾಲಿ ಇರ್ಬೇಕು, ಹಂಗಾಗಿ ಅಡ್ಡ ಹಾಕ್ಕೊಳ್ಳೋ ಚೀಲ, ಅದರಲ್ಲಿ ಒಂದು ಅಳತೆ ಟೇಪು.

ಟೇಪ್ ಯಾಕೆ ಅಂದ್ರೆ ಲೇಬಲ್ ಮೇಲಿರೋ ಸೈಜ್ ನಂಬರ್ ಸುಳ್ಳು. ಸುಳ್ಳು ಅಂದ್ರೆ ಬೇಕಂತ ಹೇಳಿದ ಸುಳ್ಳಲ್ಲ, ಕಂಪನಿಗಳು ವರ್ಷ ಕಳೆದಂಗೆ ಅದೇ ನಂಬರಿಗೆ ಬಟ್ಟೆ ದೊಡ್ಡದು ಮಾಡ್ತಾ ಬಂದಿವೆ, ಹಂಗಾಗಿ ಹಳೇ ಬಟ್ಟೆ ನಂಬರು ಇವತ್ತಿನದಕ್ಕೆ ತಾಳೆ ಆಗಲ್ಲ, ಅದ್ರ ಮೇಲೆ ಅದನ್ನ ಎಷ್ಟು ಸಲ ಒಗೆದಿದ್ದಾರೋ, ಎಷ್ಟು ಕುಗ್ಗಿದೆಯೋ. ನಾನು ನನಗೆ ಸರಿಯಾಗಿ ಕೂರೋ ಒಂದು ಶರ್ಟು, ಒಂದು ಪ್ಯಾಂಟು ನೆಲದ ಮೇಲೆ ಹಾಸಿ ಅಳತೆ ತಗೊಂಡೆ, ಕಂಕುಳಿಂದ ಕಂಕುಳು, ಭುಜದ ಅಗಲ, ಸೊಂಟ, ಮುಂದಿನ ಸೊಂಟಪಟ್ಟಿಯಿಂದ ಕಾಲು ಕೂಡೋ ಜಾಗದವರೆಗೆ, ಒಳಗಾಲು, ಎಲ್ಲಾ ಫೋನಲ್ಲಿದೆ. ಸೊಂಟ, ಉದ್ದ ಹೆಚ್ಚುಕಮ್ಮಿ ಆದ್ರೆ ಟೈಲರ್ ಸರಿ ಮಾಡ್ತಾರೆ. ಭುಜ ಸರಿ ಇಲ್ಲ ಅಂದ್ರೆ ಬಿಟ್ಟುಬಿಡಿ, ತೋಳು ಪೂರ್ತಿ ಬಿಚ್ಚಿ ಕೂರಿಸ್ಬೇಕು, ಕೂಲಿ ಬಟ್ಟೆಗಿಂತ ಜಾಸ್ತಿ ಆಗುತ್ತೆ.

ಸಾಲಲ್ಲಿ ನೇತುಹಾಕಿರೋದನ್ನ ಮೊದಲು ನೋಡಲ್ಲ ನಾನು, ಮುಟ್ತಾ ಹೋಗ್ತೀನಿ. ಕೈ ಆಡಿಸ್ತಾ ಹೋದ್ರೆ ಹತ್ತಿ, ಉಣ್ಣೆ, ಲಿನನ್ ತಾನಾಗೇ ಸಿಗುತ್ತೆ, ಕೆಲವು ತಿಂಗಳಲ್ಲಿ ಅಭ್ಯಾಸ ಆಗುತ್ತೆ. ಒಂದು ಕಡೆ ಬೆರಳು ನಿಂತ್ರೆ ಅದನ್ನ ಹೊರಗೆ ತೆಗೆದು ಮೂಗಿಗೆ ಹಿಡಿಯೋದು, ನಗಬೇಡಿ. ಬೆವರು ವಾಸನೆ ಹೋಗುತ್ತೆ, ಬೀರು ವಾಸನೆ ಹೋಗುತ್ತೆ, ಮುಗ್ಗಲು ವಾಸನೆ ಮಾತ್ರ ನನ್ನ ಕೈಲಂತೂ ಯಾವತ್ತೂ ಪೂರ್ತಿ ಹೋಗಿಲ್ಲ. ಆಮೇಲೆ ಉಲ್ಟಾ. ಕಂಕುಳು, ತೊಡೆ ಸಂದು, ಕಾಲರ್ ಮಡಿಕೆ, ಕಫ್ ಅಂಚು, ಬಟ್ಟೆ ಸವೆಯೋದು ಇಲ್ಲೇ. ಫೋನ್ ಟಾರ್ಚ್ ಒಳಗಿಟ್ಟು ಹೊರಗಿಂದ ನೋಡಿದ್ರೆ ತೆಳುವಾದ ಜಾಗ, ಸೂಜಿಮೊನೆಯಷ್ಟು ತೂತು ಎಲ್ಲಾ ನಕ್ಷತ್ರದ ಥರ ಕಾಣುತ್ತೆ. ರೇಷ್ಮೆ ಆದ್ರೆ ಹೊಲಿಗೆ ಹತ್ರ ಎರಡೂ ಕೈಯಲ್ಲಿ ಮೆಲ್ಲಗೆ ಎಳೀರಿ, ನೂಲು ಸೀಳಿಕೊಳ್ತಾ ಹೋದ್ರೆ ಆ ಬಟ್ಟೆ ಮುಗೀತು, ಯಾವ ಟೈಲರ್ ಕೈಲೂ ಆಗಲ್ಲ. ಗುಂಡಿ ಹೋಗಿದ್ರೆ ಚಿಂತೆ ಇಲ್ಲ, ಹೊಲಿಗೆ ಬಿಟ್ಟಿದ್ರೂ ಇಲ್ಲ. ಎಲಾಸ್ಟಿಕ್ ಎಳೆದಾಗ ಕರಕರ ಅಂದ್ರೆ ಅದನ್ನ ಬದಲಾಯಿಸೋ ಖರ್ಚೂ ಲೆಕ್ಕ ಹಾಕ್ಕೊಳ್ಳಿ.

ವಿಂಟೇಜ್ ಅಂತ ಬೋರ್ಡ್ ಹಾಕಿದ ಕಡೆ ಇನ್ನೊಂದು ಕೆಲಸ ಇದೆ. ಸಾಮಾನ್ಯವಾಗಿ 20 ವರ್ಷ ದಾಟಿದ್ದಕ್ಕೆ ವಿಂಟೇಜ್ ಅಂತಾರೆ, ಆದ್ರೆ ಬೋರ್ಡ್ ಯಾರು ಬೇಕಾದ್ರೂ ಹಾಕ್ಬಹುದಲ್ವಾ. ಇಲ್ಲೂ ಒಳಗಡೆ ಸಾಕ್ಷಿ ಸಿಗುತ್ತೆ. ಉಣ್ಣೆ ಬಟ್ಟೆಯಲ್ಲಿ ವೂಲ್‌ಮಾರ್ಕ್ ಅಂತ ಉಣ್ಣೆಯ ಗುಣಮಟ್ಟಕ್ಕೆ ಕೊಡೋ ಚಿಹ್ನೆ ಇದ್ರೆ ಅದು 1964ಕ್ಕಿಂತ ಹಿಂದಿನದಲ್ಲ, ಆ ಚಿಹ್ನೆ ಹುಟ್ಟಿದ್ದೇ ಆ ವರ್ಷ. ಹೆಂಗೆ ಒಗೀಬೇಕು ಅನ್ನೋ ಲೇಬಲ್ಲನ್ನ ಅಮೆರಿಕದಲ್ಲಿ ಕಡ್ಡಾಯ ಮಾಡಿದ್ದು 1972ರಲ್ಲಿ, ಅಲ್ಲಿನ ಬಟ್ಟೇಲಿ ಅದು ಹೊಲಿದಿದ್ರೆ ಸಾಮಾನ್ಯವಾಗಿ ಆಮೇಲಿನದು. ಸ್ಪಾಂಡೆಕ್ಸ್ ಅನ್ನೋ ರಬ್ಬರಿನ ಥರ ಹಿಗ್ಗೋ ನೂಲು ಕಂಡುಹಿಡಿದಿದ್ದೇ 1958ರಲ್ಲಿ, ಹಂಗಾಗಿ ಎಳೆದ್ರೆ ಹಿಗ್ಗೋ ಜೀನ್ಸನ್ನ ಐವತ್ತರ ದಶಕದ್ದು ಅಂತ ಯಾರಾದ್ರೂ ಹೇಳಿದ್ರೆ ಸುಮ್ನೆ ನಕ್ಕು ಮುಂದೆ ಹೋಗಿ. ಲೀವೈಸ್ ಜೀನ್ಸಿನ ಕೆಂಪು ಪಟ್ಟೀಲಿ ಹೆಸರಿನ ಮಧ್ಯದ ಇಂಗ್ಲಿಷ್ 'ಇ' ಅಕ್ಷರ 1971ರವರೆಗೆ ದೊಡ್ಡಕ್ಷರ, ಆಮೇಲೆ ಚಿಕ್ಕದಾಯ್ತು, ಇದು ಎಲ್ಲರಿಗೂ ಗೊತ್ತಾಗಿರೋದ್ರಿಂದ ಹಳೇ ಡಿಸೈನನ್ನೇ ಮತ್ತೆ ಮಾಡಿದ ಹೊಸ ಜೀನ್ಸೂ ಇವೆ, ನಕಲಿನೂ ಇವೆ, ಒಂದೇ ಗುರುತು ನಂಬ್ಕೊಂಡು ದುಡ್ಡು ಬಿಚ್ಬೇಡಿ. ಟಿ-ಶರ್ಟಲ್ಲಿ ತೋಳಿನ ಅಂಚಿಗೆ ಒಂದೇ ಸಾಲು ಹೊಲಿಗೆ ಇದ್ರೆ ಸಾಮಾನ್ಯವಾಗಿ ತೊಂಬತ್ತರ ದಶಕದ ಮಧ್ಯಕ್ಕಿಂತ ಹಿಂದಿನದು, ಆದ್ರೆ ಅದನ್ನೂ ಈಗ ಬೇಕಂತಲೇ ಹೊಲೀತಾರೆ. ನನಗಂತೂ ವರ್ಷಕ್ಕಿಂತ ಹೊಲಿಗೇನೇ ಮುಖ್ಯ. ಕೆಳಗಂಚಲ್ಲಿ ಎರಡು ಬೆರಳಗಲ ಬಟ್ಟೆ ಬಿಟ್ಟು ಮಡಚಿದ್ರೆ, ಪ್ಯಾಂಟಿನ ಹಿಂದಿನ ಹೊಲಿಗೇಲಿ ಬಿಚ್ಚಿ ಅಗಲ ಮಾಡೋಕೆ ಬಟ್ಟೆ ಉಳಿಸಿದ್ರೆ, ಹೊಲಿದವ್ರು ಅದು ಬಾಳಬೇಕು ಅಂತಲೇ ಹೊಲಿದಿದ್ದಾರೆ ಅಂತ ಅರ್ಥ.

ಲೇಬಲ್ಲೇ ಕಿತ್ತುಹೋಗಿದ್ರೆ ಮನೆಗೆ ತಂದ್ಮೇಲೆ ಒಳಹೊಲಿಗೆಯಿಂದ ಒಂದು ನೂಲು ಎಳೆದು ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಡ್ತೀನಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿ ಆಗುತ್ತೆ, ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಅಂಗಡೀಲಿ ಇದನ್ನ ಟ್ರೈ ಮಾಡೋಕೆ ಹೋಗ್ಬೇಡಿ, ದಯವಿಟ್ಟು.

ಇನ್ನು ನುಸಿ ವಿಷಯ. ನುಸಿ ಅಂತ ನಾನು ಹೇಳ್ತಿರೋದು ಬೀರುವಲ್ಲಿ ಸೇರ್ಕೊಳ್ಳೋ ಸಣ್ಣ ಚಿಟ್ಟೆ ಜಾತಿ ಹುಳ. ಹಾರಾಡೋ ಚಿಟ್ಟೆ ಬಟ್ಟೆ ತಿನ್ನಲ್ಲ, ತಿನ್ನೋದು ಅದರ ಮರಿಹುಳ, ಅದಕ್ಕೆ ಬೇಕಿರೋದು ಉಣ್ಣೆ, ರೇಷ್ಮೆ, ತುಪ್ಪಳದಂಥ ಪ್ರಾಣಿಮೂಲದ ನೂಲು. ಬರೀ ಹತ್ತಿ ಬಟ್ಟೆ ಅದಕ್ಕೆ ಆಗಲ್ಲ, ಬೆವರು, ಕೂಳಿನ ಕಲೆ ಇದ್ರೆ ಮಾತ್ರ ಕಡೀಬಹುದು. ಹಂಗಾಗಿ ಹತ್ತಿದು ತಂದ್ರೆ ಬಿಸಿನೀರಿಗೆ ಹಾಕ್ತೀನಿ, ಉಣ್ಣೆದಾದ್ರೆ ಬೀರುವಿನ ಹತ್ರಾನೂ ಬಿಡಲ್ಲ. ಪಾಲಿಥಿನ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಬಾಯಿ ಟೇಪಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿ ಇರೋ ಫ್ರೀಜರಲ್ಲಿ ಎರಡು ವಾರ. ಹೊರಗೆ ತೆಗೆದ್ಮೇಲೆ ತಕ್ಷಣ ಚೀಲ ಬಿಚ್ಬಾರ್ದು, ಒಂದು ದಿನ ಹಂಗೇ ಇಟ್ರೆ ತೇವ ಚೀಲದ ಹೊರಗಡೆ ಕಟ್ಟುತ್ತೆ, ಬಟ್ಟೆಗೆ ಹತ್ತಲ್ಲ. ಆಮೇಲೆ ಮೆತ್ತನೆ ಬ್ರಷ್ಷಲ್ಲಿ ಮಡಿಕೆ ಮಡಿಕೆ ಉಜ್ಜೋದು. ಡಾಂಬರು ಗುಳಿಗೆ ಮೊದಲು ಇಡ್ತಿದ್ದೆ, ಈಗ ಬಿಟ್ಟಿದ್ದೀನಿ, ಆ ವಾಸನೆ ಓಡಿಸೋದೇ ಇನ್ನೊಂದು ಕೆಲಸ.

ಹೋದ ವಾರ ಬೂದು ಬಣ್ಣದ ಒಂದು ಕೋಟು ಸಿಕ್ತು. ಕಾಲರ್ ಎತ್ತಿ ನೋಡಿದೆ, ಅಡಿಗಡೆ ಎರಡು ತೂತು, ಎರಡನ್ನೂ ಯಾರೋ ಅದೇ ಬಣ್ಣದ ನೂಲಲ್ಲಿ ಎಷ್ಟು ನಾಜೂಕಾಗಿ ರಫು ಮಾಡಿದ್ರು ಅಂದ್ರೆ ಟಾರ್ಚ್ ಇಲ್ಲದಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಹಳೇ ನಾನಾಗಿದ್ರೆ ನೋಡ್ತಾನೇ ಇರ್ಲಿಲ್ಲ, ಮಧ್ಯದಲ್ಲಿ ಸಿಕ್ಕಾಪಟ್ಟೆ ಹೆದರಿಕೊಂಡಿದ್ದ ನಾನಾಗಿದ್ರೆ ತೂತು ಅಂತ ವಾಪಸ್ ಇಟ್ಟು ಬರ್ತಿದ್ದೆ. ಭುಜ ಅಳೆದೆ, ಸರಿಯಾಗಿತ್ತು, ತಗೊಂಡೆ. ಇವತ್ತಿಗೆ ಫ್ರೀಜರಲ್ಲಿ ಆರನೇ ದಿನ, ಐಸ್ ಟ್ರೇ ಇಡೋಕೆ ಜಾಗ ಇಲ್ಲ ಅಂತ ಮನೇಲಿ ದಿನಾ ಬೈಸ್ಕೊಳ್ತಿದ್ದೀನಿ.