ಲೇಸರ್ ಬಾಚಣಿಗೆ ಹಿಡಿಯುವ ಮೊದಲು ತಲೆಯ ಎಣ್ಣೆ ಹೋಗಲಿ

ದುಬೈಯಿಂದ ರಜೆಗೆ ಬಂದ ಭಾವ ಕೂದಲು ಬೆಳೆಸುವ ಲೇಸರ್ ಬಾಚಣಿಗೆ ತಂದಿದ್ದರು. ಕುಂಬಳೆಯ ಮನೆಯ ಜಗಲಿಯಲ್ಲಿ ಕೂತು ಬಾಚುವಾಗ ಅತ್ತೆ ತಿಕ್ಕಿದ ತೆಂಗಿನೆಣ್ಣೆ ಹಣೆಗಿಳಿಯುತ್ತಿತ್ತು. ಎಣ್ಣೆಗೆ ಅಂಟಿದ ಕೂದಲ ಮೇಲೆಯೇ ಕೆಂಪು ಬೆಳಕು ಹೊಳೆಯುತ್ತಿತ್ತು. ಅದು ತಲುಪಬೇಕಾದ್ದು ಚರ್ಮಕ್ಕೆ.

1967ರಲ್ಲಿ ಹಂಗೆರಿಯ ವೈದ್ಯ ಎಂಡ್ರೆ ಮೆಸ್ಟರ್, ರೋಮ ಬೋಳಿಸಿದ ಇಲಿಗಳ ಮೇಲೆ ಮಂದ ಲೇಸರ್ ಬಿಟ್ಟಾಗ ಅಲ್ಲಿ ರೋಮ ಬೇಗ ಚಿಗುರಿದ್ದನ್ನು ಕಂಡರು. ಸುಮಾರು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಕೂದಲ ಬುಡದ ಜೀವಕೋಶಗಳಿಗೆ ಚೈತನ್ಯ ಕೊಡುತ್ತದೆ ಎಂಬುದು ಈಗಿನ ವಿವರಣೆ. ಇಂಥ ಬಾಚಣಿಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಗಂಡಸರ ಬಳಕೆಗೆ ಅನುಮತಿ ಕೊಟ್ಟಿತು.

ಮೊದಲ ಹೆಜ್ಜೆ, ಚರ್ಮರೋಗ ತಜ್ಞರಲ್ಲಿ ಕಾರಣ ಕೇಳುವುದು. ಕೊಲ್ಲಿಯ ನೀರಿಗೆ ಕೂದಲು ಹೋಯಿತೆಂಬ ಮಾತು ನಮ್ಮಲ್ಲಿ ಮನೆಮನೆಯದು. ಗಂಡಸರಲ್ಲಿ ಹೆಚ್ಚಾಗಿ ಕಾರಣ ವಂಶಪಾರಂಪರ್ಯ. ಲೇಸರ್ ಕೆಲಸ ಮಾಡುವುದು ಈ ಬಗೆಯಲ್ಲೇ, ಅದೂ ಕೂದಲು ತೆಳುವಾಗಿರುವಲ್ಲಿ. ಪೂರ್ತಿ ನುಣುಪಾದ ಬೋಳಿಗೆ ದುಡ್ಡು ಸುರಿಯಬೇಡಿ. ಡೆಂಗ್ಯೂ ಬಂದುಹೋದ ಎರಡು ಮೂರು ತಿಂಗಳಿಗೆ ರಾಶಿ ಉದುರುವ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಥೈರಾಯ್ಡ್, ರಕ್ತಹೀನತೆಗಳಿಗೆ ಮದ್ದು ಬೇರೆ.

ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ವೈದ್ಯರಿಗೆ ಹೇಳಿ. ಮಳೆಗಾಲದಲ್ಲಿ ಇಲಿಜ್ವರ ಬಾರದಂತೆ ಕೊಡುವ ಡಾಕ್ಸಿಸೈಕ್ಲಿನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ.

ಶುರು ಮಾಡುವ ದಿನ ಒಂದು ಫೋಟೊ ತೆಗೆಯಿರಿ: ಅದೇ ಕಿಟಕಿ, ಅದೇ ಹೊತ್ತು, ತಲೆ ಬಗ್ಗಿಸಿ ನೆತ್ತಿಯದ್ದೊಂದು, ಹಣೆಯದ್ದೊಂದು. ಮುಂದೆ ತಿಂಗಳಿಗೊಮ್ಮೆ ಹೀಗೆಯೇ. ದಿನಾ ಕನ್ನಡಿ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗದು.

ಇನ್ನು ಬಾಚುವುದು. ಸಂಜೆ ಶಾಂಪೂ ಹಾಕಿ ಮಿಂದು, ಬೈರಾಸಿನಲ್ಲಿ ಒರೆಸಿ, ಆಟಿಯ ಮಳೆಯಾದರೆ ಫ್ಯಾನಿನಡಿ ಕೂತು ಪೂರ್ತಿ ಒಣಗಿಸಿ. ಬೈತಲೆ ತೆಗೆದು ಬಿಳಿ ಚರ್ಮದ ಗೆರೆ ಕಾಣುವಂತೆ ಮಾಡಿ, ಬಾಚಣಿಗೆಯ ಹಲ್ಲು ಅಲ್ಲಿಗೆ ತಾಗಿಸಿ. ಸರಸರ ಎಳೆಯಬೇಡಿ. ಕೆಲವು ಸೆಕೆಂಡು ನಿಲ್ಲಿಸಿ, ಅರ್ಧ ಇಂಚು ಸರಿಸಿ, ಮತ್ತೆ ನಿಲ್ಲಿಸಿ. ಒಂದು ಗೆರೆ ಮುಗಿದ ಮೇಲೆ ಪಕ್ಕದಲ್ಲಿ ಇನ್ನೊಂದು ಬೈತಲೆ. ವಾರಕ್ಕೆ ಮೂರು ದಿನ, ಉಪಕರಣದ ಕೈಪಿಡಿ ಹೇಳಿದಷ್ಟೇ ನಿಮಿಷ. ಹೆಚ್ಚು ಹೊತ್ತು ಹಿಡಿದರೆ ಹೆಚ್ಚು ಕೂದಲು ಬರುವುದಿಲ್ಲ. ಬೆಳಕನ್ನು ನೇರ ನೋಡಬಾರದು. ಮಕ್ಕಳ ಕೈಗೆ ಸಿಗದಂತೆ ಇಡಿ. ಕೂದಲು ಬೆಳೆಸುವ ಮದ್ದಾದ ಮಿನಾಕ್ಸಿಡಿಲ್ ಹಚ್ಚುವವರು ಬಾಚಿದ ಮೇಲೆ ಹಚ್ಚಲಿ. ಎಣ್ಣೆ ಬಿಡಬೇಕಿಲ್ಲ, ಬಾಚದ ದಿನ ಅತ್ತೆ ತಿಕ್ಕಲಿ.

ಮೊದಮೊದಲು ಉದುರುವುದು ಹೆಚ್ಚಾದಂತೆ ಕಂಡರೆ ಹೆದರಬೇಡಿ. ಫಲ ತೂಗಿ ನೋಡಲು ಆರು ತಿಂಗಳಾದರೂ ಬೇಕು. ಅಲ್ಲಿಗೂ ಫೋಟೊಗಳಲ್ಲಿ ವ್ಯತ್ಯಾಸವಿಲ್ಲವೆಂದರೆ ನಿಲ್ಲಿಸಿ, ವೈದ್ಯರಲ್ಲಿ ಬೇರೆ ದಾರಿ ಕೇಳಿ.

ಭಾವನ ಏಳನೆಯ ಫೋಟೊದಲ್ಲಿ ನೆತ್ತಿಯ ಸುಳಿಯ ಸುತ್ತ ಕೂದಲು ತುಸು ದಟ್ಟವಾಗಿತ್ತು. ಹಣೆಯ ಎರಡು ಮೂಲೆಗಳು ಹಾಗೆಯೇ ಇದ್ದವು. ನಿಲ್ಲಿಸಿದರೆ ಬಂದದ್ದೂ ನಿಧಾನಕ್ಕೆ ಹೋಗುವುದರಿಂದ ಅವರು ಈಗಲೂ ವಾರಕ್ಕೆ ಮೂರು ಸಂಜೆ ಬಾಚುತ್ತಾರೆ.